ವಿಳಾಸಗಳು ಕಡತದಲ್ಲೋ, ಕೋಷ್ಟಕದಲ್ಲೋ

— ಡಿಎನ್‌ಎಸ್ ಝೋನ್ ಫೈಲುಗಳ ಸಹವಾಸ ಸಾಕು, ಎಲ್ಲವನ್ನೂ ಮೈಎಸ್‌ಕ್ಯೂಎಲ್‌ಗೆ ಸಾಗಿಸೋಣ ಅಂತಿದ್ದೇನೆ. ಸಾವಿರಾರು ಗಿರಾಕಿಗಳ ಡೊಮೈನುಗಳು, ಒಂದೊಂದಕ್ಕೂ ಒಂದೊಂದು ಟೆಕ್ಸ್ಟ್ ಫೈಲು. ಯಾರೋ ಒಬ್ಬರು ಮೇಲ್ ಸರ್ವರ್ ಬದಲಾಯಿಸಿದರೆ ಎಂಜಿನಿಯರ್ ಲಾಗಿನ್ ಆಗಿ, ಫೈಲು ತೆರೆದು, ಸಾಲು ತಿದ್ದಿ, ಸೀರಿಯಲ್ ನಂಬರ್ ಏರಿಸಿ, ರೀಲೋಡ್ ಕೊಡಬೇಕು. ಇದು 1987ರ ಕಾಲದ ಕೆಲಸ.

— 1987 ಅಂದದ್ದು ನಿಜಕ್ಕೂ ಸರಿ. ಆ ವರ್ಷದ ನವೆಂಬರ್‌ನಲ್ಲಿ ಪಾಲ್ ಮೊಕಪೆಟ್ರಿಸ್ ಅವರ ಆರ್‌ಎಫ್‌ಸಿ 1034 ಮತ್ತು 1035 ಬಂದವು. ನೀನು ತಿದ್ದುವ ಫೈಲಿನ ವ್ಯಾಕರಣ ಇರುವುದು 1035ರ ಐದನೆಯ ಭಾಗದಲ್ಲಿ, ಮಾಸ್ಟರ್ ಫೈಲ್ ಅನ್ನುವ ಹೆಸರಿನಲ್ಲಿ. ಇಷ್ಟು ವರ್ಷ ಅದು ಹೆಚ್ಚು ಕಡಿಮೆ ಹಾಗೇ ಉಳಿದಿದೆ. ಇರಲಿ, ಸಾಗಿಸುತ್ತೇನೆ ಅಂದೆಯಲ್ಲ, ಯಾವುದನ್ನು? ರೆಕಾರ್ಡು ಬರೆಯುವ ಜಾಗವನ್ನೋ, ಲೋಕಕ್ಕೆ ಉತ್ತರ ಕೊಡುವ ಜಾಗವನ್ನೋ?

— ಎರಡೂ ಒಂದೇ ಅಲ್ಲವೇ? ರೆಕಾರ್ಡು ಡೇಟಾಬೇಸ್‌ನಲ್ಲಿರುತ್ತದೆ, ಪವರ್‌ಡಿಎನ್‌ಎಸ್ ಸರ್ವರ್ ಅಲ್ಲಿಂದ ಓದಿ ಉತ್ತರ ಕೊಡುತ್ತದೆ.

— ಅಲ್ಲೇ ಗಂಟಿರುವುದು. ಅವೆರಡೂ ಬೇರೆ ಬೇರೆ. ಬೈಂಡ್ ಸರ್ವರ್ ನೋಡು. ಅದು ಪ್ರಶ್ನೆ ಬಂದಾಗಲೆಲ್ಲ ಫೈಲು ತೆರೆದು ಹುಡುಕುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗೇನಿಲ್ಲ. ಶುರುವಿನಲ್ಲಿ ಒಮ್ಮೆ ಫೈಲು ಓದಿ, ಇಡೀ ಝೋನನ್ನು ಮೆಮೊರಿಯಲ್ಲಿ ಮರದ ರೂಪದಲ್ಲಿ ಕಟ್ಟಿಕೊಳ್ಳುತ್ತದೆ. ಆಮೇಲೆ ಆ ಫೈಲಿನ ಮುಖ ನೋಡುವುದು ನೀನು ರೀಲೋಡ್ ಅಂದಾಗ ಮಾತ್ರ. ಡಿಸ್ಕ್ ಕೆಟ್ಟರೂ ಕೆಲ ಕಾಲ ಉತ್ತರ ಬರುತ್ತಲೇ ಇರುತ್ತದೆ. ಹೊಸ ಫೈಲಿನಲ್ಲಿ ವ್ಯಾಕರಣ ತಪ್ಪಿದ್ದರೆ ರೀಲೋಡ್ ಅದನ್ನು ಒಪ್ಪುವುದಿಲ್ಲ, ಹಳೆಯದೇ ಚಾಲ್ತಿಯಲ್ಲಿ ಉಳಿಯುತ್ತದೆ. ಇನ್ನು ನೀನು ಕಟ್ಟಬೇಕೆಂದಿರುವುದರಲ್ಲಿ ಕ್ಯಾಶ್‌ನಲ್ಲಿ ಇಲ್ಲದ ಪ್ರತಿಯೊಂದು ಪ್ರಶ್ನೆಯೂ ಒಂದು ಎಸ್‌ಕ್ಯೂಎಲ್ ಪ್ರಶ್ನೆ ಆಗುತ್ತದೆ. ಡೇಟಾಬೇಸ್ ಉಸಿರು ಬಿಟ್ಟರೆ ಗಿರಾಕಿಗಳ ವೆಬ್‌ಸೈಟ್, ಮೇಲ್, ಪಾವತಿ ಎಲ್ಲವೂ ಅದರ ಜೊತೆಗೇ ಹೋದವು.

— ಕ್ಯಾಶ್ ಇದೆಯಲ್ಲ. ಪವರ್‌ಡಿಎನ್‌ಎಸ್‌ನಲ್ಲಿ ಪ್ಯಾಕೆಟ್ ಕ್ಯಾಶ್, ಕ್ವೆರಿ ಕ್ಯಾಶ್ ಎರಡೂ ಇವೆ. ಇತ್ತೀಚಿನ ಆವೃತ್ತಿಗಳಲ್ಲಿ ಝೋನ್ ಕ್ಯಾಶ್ ಕೂಡ ಬಂದಿದೆ.

— ಇದೆ, ಅವುಗಳ ಆಯುಸ್ಸು ಸೆಕೆಂಡುಗಳ ಲೆಕ್ಕದ್ದು. ಪದೇಪದೇ ಕೇಳುವ ಹೆಸರಿಗೆ ಅದು ಸಾಲುತ್ತದೆ. ಆದರೆ ಗಿರಾಕಿಯ ಡೊಮೈನಿನ ಮುಂದೆ ಕಂಡಕಂಡ ಅಕ್ಷರಗಳನ್ನು ಸೇರಿಸಿ, ಇಲ್ಲದ ಹೆಸರುಗಳನ್ನೇ ಲಕ್ಷಗಟ್ಟಲೆ ಕೇಳುವ ದಾಳಿ ಇದೆಯಲ್ಲ, ಅಲ್ಲಿ ಒಂದು ಹೆಸರು ಎರಡನೇ ಸಲ ಬರುವುದೇ ಇಲ್ಲ. ಕ್ಯಾಶ್ ಇದ್ದೂ ಇಲ್ಲದಂತೆ. ಪ್ರತಿಯೊಂದೂ ನೇರ ಡೇಟಾಬೇಸ್‌ಗೆ ಬಡಿಯುತ್ತದೆ. ಮೆಮೊರಿಯ ಮರಕ್ಕೆ ಇದು ದೊಡ್ಡ ಭಾರವಲ್ಲ. ‘ಇಂಥ ಹೆಸರಿಲ್ಲ’ ಅನ್ನುವುದಕ್ಕೂ ‘ಇದೆ, ತೆಗೆದುಕೋ’ ಅನ್ನುವುದಕ್ಕೂ ಅಲ್ಲಿ ಹೆಚ್ಚು ಕಡಿಮೆ ಒಂದೇ ಶ್ರಮ.

— ಹಾಗಾದರೆ ಪ್ರತಿ ನೇಮ್‌ಸರ್ವರ್‌ನಲ್ಲೂ ಡೇಟಾಬೇಸ್‌ನ ಒಂದು ನಕಲು ಇಡುತ್ತೇನೆ. ಅದೇ ಯಂತ್ರದೊಳಗೆ. ರೆಪ್ಲಿಕೇಷನ್ ನೋಡಿಕೊಳ್ಳುತ್ತದೆ. ಮುಖ್ಯ ಡೇಟಾಬೇಸ್ ಬಿದ್ದರೂ ನಕಲುಗಳು ಉತ್ತರ ಕೊಡುತ್ತಿರುತ್ತವೆ.

— ಇದು ಮೊದಲಿನದಕ್ಕಿಂತ ಎಷ್ಟೋ ವಾಸಿ, ಹೀಗೆ ಚೆನ್ನಾಗಿ ನಡೆಸುತ್ತಿರುವವರೂ ಇದ್ದಾರೆ. ಆದರೆ ನಿನ್ನ ಹುಡುಗನೊಬ್ಬ ‘ವೇರ್’ ಬರೆಯುವುದನ್ನು ಮರೆತು ‘ಡಿಲೀಟ್’ ಕೊಟ್ಟ ಅಂದುಕೋ. ರೆಪ್ಲಿಕೇಷನ್ ಅದನ್ನು ಅಷ್ಟೇ ನಿಷ್ಠೆಯಿಂದ ಎಲ್ಲ ನಕಲುಗಳಿಗೂ ಸೆಕೆಂಡಿನೊಳಗೆ ಮುಟ್ಟಿಸುತ್ತದೆ. ಅಳಿಸಿದ್ದು ತಪ್ಪೋ ಸರಿಯೋ ಅಂತ ಕೇಳುವವರು ದಾರಿಯಲ್ಲಿ ಯಾರೂ ಇಲ್ಲ.

— ಪ್ರೈಮರಿ ಸರ್ವರ್‌ನಿಂದ ಸೆಕೆಂಡರಿಗಳು ಝೋನನ್ನು ಎಳೆದುಕೊಳ್ಳುವ ಝೋನ್ ಟ್ರಾನ್ಸ್‌ಫರ್ ಮಾತ್ರ ತಪ್ಪನ್ನು ತಡೆಯುತ್ತದೆಯೇ? ಪ್ರೈಮರಿಯಲ್ಲಿ ತಪ್ಪು ಐಪಿ ಬರೆದರೆ ಸೆಕೆಂಡರಿಗಳೂ ಅದೇ ತಪ್ಪನ್ನು ಎಳೆದುಕೊಳ್ಳುತ್ತವೆ.

— ತಪ್ಪು ಐಪಿಯನ್ನು ತಡೆಯುವುದಿಲ್ಲ, ಒಪ್ಪಿದೆ. ಇಡೀ ಝೋನ್ ನಾಶವಾಗುವುದನ್ನು ತಡೆಯುತ್ತದೆ. ಯಾಕೆಂದರೆ ಅಲ್ಲಿ ಸಾಗುವ ಘಟಕ ಸಾಲಲ್ಲ, ಝೋನ್. ಅದಕ್ಕೊಂದು ತಲೆ ಇದೆ, ಎಸ್‌ಒಎ ರೆಕಾರ್ಡು. ಎಲ್ಲ ಸಾಲುಗಳೂ ಅಳಿಸಿಹೋದರೆ ಎಸ್‌ಒಎ ಕೂಡ ಹೋಗಿರುತ್ತದೆ. ಎಸ್‌ಒಎ ಇಲ್ಲದೆ ಟ್ರಾನ್ಸ್‌ಫರ್ ಆಗುವುದಿಲ್ಲ. ಸೆಕೆಂಡರಿ ತನ್ನಲ್ಲಿರುವ ಹಳೆಯ ಪ್ರತಿಯಿಂದಲೇ ಉತ್ತರ ಕೊಡುತ್ತ, ಮತ್ತೆ ಮತ್ತೆ ಪ್ರಯತ್ನಿಸುತ್ತಿರುತ್ತದೆ. ಎಷ್ಟು ದಿನ? ಎಸ್‌ಒಎಯ ಎಕ್ಸ್‌ಪೈರ್ ಅಂಕಿ ಹೇಳಿದಷ್ಟು ದಿನ. 1996ರ ಆರ್‌ಎಫ್‌ಸಿ 1912 ಎರಡರಿಂದ ನಾಲ್ಕು ವಾರ ಇಡಿ ಎನ್ನುತ್ತದೆ, ಅಂದರೆ 12,09,600 ಸೆಕೆಂಡಿನಿಂದ ಮೇಲಕ್ಕೆ. ನಿನ್ನ ಪ್ರೈಮರಿ ಸುಟ್ಟು ಬೂದಿಯಾದರೂ ಗಿರಾಕಿಗೆ ಎರಡು ವಾರ ಏನೂ ಗೊತ್ತಾಗುವುದಿಲ್ಲ. ಆ ಎರಡು ವಾರವನ್ನು ಒಂದು ಸೆಕೆಂಡಿನ ರೆಪ್ಲಿಕೇಷನ್‌ಗೆ ಬಿಟ್ಟುಕೊಡುವ ಮುಂಚೆ ಚೆನ್ನಾಗಿ ಯೋಚಿಸು.

— ನೀವು ಟೆಕ್ಸ್ಟ್ ಫೈಲಿನ ಪರ ಅನ್ನುವುದು ಗೊತ್ತಾಯಿತು. ಹಾಗಾದರೆ ಸ್ವೀಡನ್ನಿನ ಕಥೆಗೆ ಏನು ಹೇಳುತ್ತೀರಿ? 2009ರ ಅಕ್ಟೋಬರ್ 12ರ ರಾತ್ರಿ ಡಾಟ್ ಎಸ್‌ಇ ಪೂರ್ತಿ ಬಿತ್ತು. ಕಾರಣ ಒಂದು ಚುಕ್ಕಿ. ಝೋನ್ ತಯಾರಿಸುವ ಸ್ಕ್ರಿಪ್ಟ್ ಹೆಸರುಗಳ ಕೊನೆಯ ಚುಕ್ಕಿಯನ್ನು ಬಿಟ್ಟುಬಿಟ್ಟಿತ್ತು. ಚುಕ್ಕಿ ಇಲ್ಲದ ಹೆಸರನ್ನು ಅರ್ಧ ಹೆಸರೆಂದು ಭಾವಿಸಿ ಸರ್ವರ್ ತಾನೇ ಝೋನಿನ ಹೆಸರನ್ನು ಬಾಲಕ್ಕೆ ಜೋಡಿಸುತ್ತದೆ. ಡಾಟ್ ಎಸ್‌ಇ ಹೋಗಿ ಡಾಟ್ ಎಸ್‌ಇ ಡಾಟ್ ಎಸ್‌ಇ ಆಯಿತು. ಸುಮಾರು ಒಂಬತ್ತು ಲಕ್ಷ ಡೊಮೈನುಗಳು. ಸರಿಪಡಿಸಲು ಹೆಚ್ಚು ಹೊತ್ತು ಹಿಡಿಯಲಿಲ್ಲ, ಆದರೆ ಕೆಟ್ಟ ಉತ್ತರ ಅಷ್ಟರಲ್ಲಿ ಲೋಕದ ಕ್ಯಾಶ್‌ಗಳಲ್ಲಿ ಕೂತುಬಿಟ್ಟಿತ್ತು. ಪವರ್‌ಡಿಎನ್‌ಎಸ್‌ನ ಕೋಷ್ಟಕದಲ್ಲಿ ಈ ರೋಗವೇ ಇಲ್ಲ. ಅಲ್ಲಿ ಹೆಸರನ್ನು ಯಾವಾಗಲೂ ಪೂರ್ತಿ ಬರೆಯುತ್ತಾರೆ, ಬಾಲ ಜೋಡಿಸುವ ಆಟವಿಲ್ಲ.

— ಒಳ್ಳೆಯ ಉದಾಹರಣೆ, ನಿನ್ನ ಮಾತಿಗೆ ಬಲವೂ ಇದೆ. ಕೊನೆಯ ಚುಕ್ಕಿ ಈ ಬರವಣಿಗೆಯ ಅತಿ ಕೆಟ್ಟ ನಿಯಮ ಅಂತ ನನಗೂ ಅನಿಸುತ್ತದೆ. ಬೆರಳು ನೋಯಬಾರದು ಅಂತ ಮಾಡಿದ ಅನುಕೂಲ, ದೇಶವೊಂದರ ಹೆಸರುಗಳನ್ನೆಲ್ಲ ಒಂದು ರಾತ್ರಿ ನುಂಗಿತು. ಸೀರಿಯಲ್ ನಂಬರೂ ಹಾಗೇ. ವರ್ಷ, ತಿಂಗಳು, ದಿನ, ಎರಡಂಕಿ, ಹೀಗೆ ಹತ್ತು ಅಂಕಿ ಬರೆಯುವುದು ರೂಢಿ. ಕೈತಪ್ಪಿ ಮುಂದಿನ ದಶಕದ ವರ್ಷ ಬರೆದುಬಿಟ್ಟರೆ, ಆಮೇಲೆ ನೀನು ಸರಿಯಾದ ತಾರೀಖು ಹಾಕಿದರೂ ಸೆಕೆಂಡರಿಗಳು ‘ನಮ್ಮಲ್ಲಿರುವುದೇ ಹೊಸದು’ ಎಂದು ಸುಮ್ಮನೆ ಕೂರುತ್ತವೆ. ಹಿಂದಕ್ಕೆ ತರಬೇಕಾದರೆ 214,74,83,647 ಕೂಡಿಸಿ, ಎಲ್ಲವೂ ಅದನ್ನು ಎಳೆದುಕೊಳ್ಳುವವರೆಗೆ ಕಾದು, ಆಮೇಲೆ ಬೇಕಾದ ಅಂಕಿ ಹಾಕಬೇಕು. ಮನುಷ್ಯರು ಕೈಯಿಂದ ಮಾಡಬಾರದ ಲೆಕ್ಕ ಇದು. ಆದರೆ ಸ್ವೀಡನ್ನಿನಲ್ಲಿ ಚುಕ್ಕಿ ಬಿಟ್ಟದ್ದು ಮನುಷ್ಯನ ಕೈಯಲ್ಲ, ಸ್ಕ್ರಿಪ್ಟು. ಅಷ್ಟೊಂದು ಹೆಸರುಗಳನ್ನು ಯಾರೂ ಎಡಿಟರ್‌ನಲ್ಲಿ ತಿದ್ದುವುದಿಲ್ಲ. ಒಳಗಿನ ದಾಖಲೆಯಿಂದ ಫೈಲು ಹುಟ್ಟುವ ಜಾಗದಲ್ಲಿ ಕೆಟ್ಟಿತು, ಹೊರಗೆ ಹೋಗುವ ಮುನ್ನ ಯಾವ ಪರೀಕ್ಷೆಯೂ ಅದನ್ನು ಹಿಡಿಯಲಿಲ್ಲ.

— ಅಂದರೆ ಫೈಲಿನದೂ ತಪ್ಪಲ್ಲ, ಡೇಟಾಬೇಸ್‌ನದೂ ಅಲ್ಲ, ನಡುವಿನ ಸ್ಕ್ರಿಪ್ಟಿನದು ಅನ್ನುತ್ತೀರಾ? ಅದು ತಪ್ಪಿಸಿಕೊಳ್ಳುವ ಮಾತಾಯಿತು.

— ತಪ್ಪಿಸಿಕೊಳ್ಳುತ್ತಿಲ್ಲ. ನನ್ನ ವಾದವೇ ಅದು: ಬೆಸುಗೆ ಹಾಕಿದ ಜಾಗದಲ್ಲೇ ಇದು ಒಡೆಯುತ್ತದೆ. 1997ರ ಜುಲೈ ನೋಡು. ಆಗ ಡಾಟ್ ಕಾಮ್, ಡಾಟ್ ನೆಟ್ ನೋಡಿಕೊಳ್ಳುತ್ತಿದ್ದದ್ದು ನೆಟ್‌ವರ್ಕ್ ಸೊಲ್ಯೂಷನ್ಸ್. ಹೆಸರುಗಳು ಇಂಗ್ರೆಸ್ ಡೇಟಾಬೇಸ್‌ನಲ್ಲಿದ್ದವು, ದಿನವೂ ಅದರಿಂದ ಝೋನ್ ಫೈಲು ತೆಗೆಯುತ್ತಿದ್ದರು. 16ರ ರಾತ್ರಿ ಡೇಟಾಬೇಸ್ ಕೈಕೊಟ್ಟು ಎರಡೂ ಫೈಲುಗಳು ಕೆಟ್ಟು ಬಂದವು. ಪರೀಕ್ಷೆಯ ವ್ಯವಸ್ಥೆ ಇತ್ತು, ಅದು ಎಚ್ಚರಿಕೆಯನ್ನೂ ಕೊಟ್ಟಿತು. ಬೆಳಗಿನ ಜಾವ ಎರಡೂವರೆ ಗಂಟೆಗೆ ಪಾಳಿಯಲ್ಲಿದ್ದ ಒಬ್ಬರು ಆ ಎಚ್ಚರಿಕೆಯನ್ನು ದಾಟಿಸಿ ಫೈಲನ್ನು ಬಿಡುಗಡೆ ಮಾಡಿದರು. ಸರಿಯಾದ ಫೈಲು ಹೋಗುವ ಹೊತ್ತಿಗೆ ಬೆಳಗಿನ ಆರೂವರೆ. ಅಷ್ಟರಲ್ಲಿ ಎಷ್ಟೋ ಕಡೆ ಡಾಟ್ ಕಾಮ್ ಹೆಸರುಗಳು ಇಲ್ಲವೆಂದೇ ಉತ್ತರ ಬರುತ್ತಿತ್ತು. ಈ ಘಟನೆಯಲ್ಲಿ ಎಲ್ಲವೂ ಇತ್ತು ನೋಡು: ಡೇಟಾಬೇಸ್, ಫೈಲು, ಪರೀಕ್ಷೆ. ಇಲ್ಲದಿದ್ದದ್ದು ‘ನಿಲ್ಲು’ ಅಂದಾಗ ನಿಜವಾಗಿಯೂ ನಿಲ್ಲಿಸುವ ತಡೆ.

— ಅದು ಹಳೆಯ ಕಾಲ. ಈಗ ಎಲ್ಲ ಯಂತ್ರವೇ ಮಾಡುತ್ತದೆ.

— 2025ರ ಅಕ್ಟೋಬರ್ 20 ಹಳೆಯ ಕಾಲವಲ್ಲ. ನಮ್ಮಲ್ಲಿ ಮಧ್ಯಾಹ್ನ, ಅಮೆರಿಕದಲ್ಲಿ ಇನ್ನೂ ರಾತ್ರಿ. ಅಮೆಜಾನ್‌ನ ವರ್ಜೀನಿಯಾ ಕೇಂದ್ರದಲ್ಲಿ ಡೈನಮೋಡಿಬಿ ಸೇವೆಯ ಡಿಎನ್‌ಎಸ್ ರೆಕಾರ್ಡು ಖಾಲಿಯಾಯಿತು. ಅಲ್ಲಿ ಒಂದು ತಂತ್ರಾಂಶ ವಿಳಾಸಗಳ ಯೋಜನೆ ತಯಾರಿಸುತ್ತಿತ್ತು, ಇನ್ನೊಂದರ ಮೂರು ಪ್ರತಿಗಳು ಸ್ವತಂತ್ರವಾಗಿ ಅದನ್ನು ಜಾರಿ ಮಾಡುತ್ತಿದ್ದವು. ಒಂದು ಪ್ರತಿ ನಿಧಾನವಾಯಿತು. ಇನ್ನೊಂದು ಹೊಸ ಯೋಜನೆ ಜಾರಿ ಮಾಡಿ ಮುಗಿಸಿತು. ಆಮೇಲೆ ನಿಧಾನದ್ದು ಬಂದು ತನ್ನ ಹಳೆಯ ಯೋಜನೆಯನ್ನು ಅದರ ಮೇಲೆ ಬರೆಯಿತು. ತನ್ನದು ಹೊಸದೇ ಅನ್ನುವುದನ್ನು ಅದು ಪರೀಕ್ಷಿಸಿತ್ತು, ಆದರೆ ಬಹಳ ಮುಂಚೆ. ಅಷ್ಟರಲ್ಲಿ ಎರಡನೆಯದು ಹಳೆಯ ಯೋಜನೆಗಳನ್ನು ಗುಡಿಸಿ ಹಾಕಿತು. ಜಾರಿಯಲ್ಲಿದ್ದದ್ದೇ ಆ ಹಳೆಯ ಯೋಜನೆ, ಹಾಗಾಗಿ ಎಲ್ಲ ಐಪಿಗಳೂ ಒಟ್ಟಿಗೆ ಮಾಯ. ಮನುಷ್ಯರು ಕೈಹಾಕಿ ಸರಿಪಡಿಸುವವರೆಗೆ ಯಂತ್ರ ತನ್ನಷ್ಟಕ್ಕೆ ಏಳಲಿಲ್ಲ. ಸಾವಿರಾರು ಕಂಪನಿಗಳ ಕೆಲಸ ನಿಂತಿತು.

— ಇಷ್ಟೆಲ್ಲ ಹೇಳಿದಿರಿ, ಆದರೆ ನನ್ನ ಕಷ್ಟ ಹಾಗೇ ಉಳಿಯಿತು. ನಮ್ಮಲ್ಲಿ ರೆಕಾರ್ಡು ಬರೆಯುವವರು ಈಗ ಎಂಜಿನಿಯರುಗಳಷ್ಟೇ ಅಲ್ಲ. ಗಿರಾಕಿಯೇ ವೆಬ್ ಪುಟದಲ್ಲಿ ಬರೆಯುತ್ತಾನೆ, ಸಹಾಯವಾಣಿಯವರು ಬರೆಯುತ್ತಾರೆ, ಯಂತ್ರಗಳೂ ಬರೆಯುತ್ತವೆ. ಲೆಟ್ಸ್ ಎನ್‌ಕ್ರಿಪ್ಟ್‌ನಿಂದ ವೈಲ್ಡ್‌ಕಾರ್ಡ್ ಸರ್ಟಿಫಿಕೇಟ್ ಬೇಕಾದರೆ ಡಿಎನ್‌ಎಸ್‌ನಲ್ಲಿ ಒಂದು ಟಿಎಕ್ಸ್‌ಟಿ ರೆಕಾರ್ಡು ಹಾಕಿ ತೋರಿಸಲೇಬೇಕು. ಸರ್ಟಿಫಿಕೇಟುಗಳ ಗರಿಷ್ಠ ಅವಧಿಯನ್ನು 2029ರ ಮಾರ್ಚ್ ಹೊತ್ತಿಗೆ 47 ದಿನಕ್ಕೆ ಇಳಿಸುತ್ತಾರೆ. ಪ್ರತಿ ಡೊಮೈನಿಗೂ ಇಷ್ಟು ಬೇಗ ಬೇಗ ರೆಕಾರ್ಡು ಹಾಕಿ ತೆಗೆಯುವುದನ್ನು ಟೆಕ್ಸ್ಟ್ ಫೈಲಿನಲ್ಲಿ ಹೇಗೆ ನಿಭಾಯಿಸಲಿ? ಇಬ್ಬರು ಒಂದೇ ಫೈಲನ್ನು ಒಟ್ಟಿಗೆ ತೆರೆದರೆ ಮೊದಲು ಉಳಿಸಿದವನ ತಿದ್ದುಪಡಿ ಹೋಯಿತು.

— ನಿಭಾಯಿಸಲಾಗದು. ಅದನ್ನು ನೇರವಾಗಿ ಒಪ್ಪುತ್ತೇನೆ. ಬರೆಯುವ ಕೈಗಳು ಹೆಚ್ಚಾದಾಗ ಫೈಲು ಸೋಲುತ್ತದೆ. 1997ರ ಆರ್‌ಎಫ್‌ಸಿ 2136 ಡೈನಮಿಕ್ ಅಪ್‌ಡೇಟ್ ತಂದಾಗಲೇ ಇದು ಗೊತ್ತಾಯಿತು. ಬೈಂಡ್ ಆ ತಿದ್ದುಪಡಿಗಳನ್ನು ಪಕ್ಕದ ಜರ್ನಲ್ ಫೈಲಿನಲ್ಲಿ ಬರೆದುಕೊಂಡು, ಆಗಾಗ ಮೂಲ ಫೈಲನ್ನು ತಾನೇ ಹೊಸದಾಗಿ ಬರೆಯುತ್ತದೆ. ನೀನು ಕಷ್ಟಪಟ್ಟು ಬರೆದ ಟಿಪ್ಪಣಿಗಳು, ಜೋಡಿಸಿದ ಕ್ರಮ, ಎಲ್ಲ ಮಾಯ. ನಡುವೆ ಕೈಯಿಂದ ತಿದ್ದಬೇಕಾದರೆ ಮೊದಲು ಫ್ರೀಜ್ ಮಾಡಬೇಕು, ಆಮೇಲೆ ಥಾ ಮಾಡಬೇಕು. ಅಷ್ಟು ಹೊತ್ತಿಗೆ ಆ ಫೈಲು ಫೈಲಿನ ವೇಷದ ಡೇಟಾಬೇಸ್ ಆಗಿರುತ್ತದೆ, ಎರಡರ ಗುಣವೂ ಅದಕ್ಕೆ ಸಿಕ್ಕಿರುವುದಿಲ್ಲ. ಸಹಿ ಹಾಕಿದ ಝೋನಿನದಂತೂ ಕೇಳಲೇಬೇಡ. ಡಿಎನ್‌ಎಸ್‌ಸೆಕ್ ಬಂದಮೇಲೆ ಸಹಿಗಳಿಗೆ ಅವಧಿ ಇದೆ, ಅವು ಮತ್ತೆ ಮತ್ತೆ ಬದಲಾಗುತ್ತವೆ. ಅಂಥ ಫೈಲನ್ನು ಕೈಯಿಂದ ಮುಟ್ಟುವುದೇ ತಪ್ಪು.

— ಹಾಗಾದರೆ ಡೇಟಾಬೇಸೇ ಸರಿ ಅಂದಂತಾಯಿತು.

— ಬರೆಯುವುದಕ್ಕೆ ಸರಿ. ಆದರೆ ಡೇಟಾಬೇಸ್‌ಗೆ ಏನು ಗೊತ್ತಿಲ್ಲ ಅನ್ನುವುದನ್ನೂ ತಿಳಿದುಕೋ. ಪವರ್‌ಡಿಎನ್‌ಎಸ್‌ನ ರೆಕಾರ್ಡ್ಸ್ ಕೋಷ್ಟಕ ತೆರೆದು ನೋಡು. ಹೆಸರು, ಬಗೆ, ಟಿಟಿಎಲ್ ಇವಕ್ಕೆ ಕಾಲಮ್‌ಗಳಿವೆ. ನಿಜವಾದ ವಿಷಯ ಇರುವುದು ಕಂಟೆಂಟ್ ಅನ್ನುವ ಕಾಲಮ್‌ನಲ್ಲಿ, ಅದು ಬರೀ ಅಕ್ಷರಗಳ ಸಾಲು. ಝೋನ್ ಫೈಲಿನಲ್ಲಿ ಬರೆಯುತ್ತಿದ್ದ ಪಠ್ಯವೇ ಅಲ್ಲಿ ಕೂತಿರುತ್ತದೆ. ಐಪಿಯ ಜಾಗದಲ್ಲಿ ಕಾಗುಣಿತ ತಪ್ಪಿದ ಹೆಸರು ಹಾಕಿದರೂ ಮೈಎಸ್‌ಕ್ಯೂಎಲ್ ಚಕಾರ ಎತ್ತುವುದಿಲ್ಲ. ಸಿನೇಮ್ ಇರುವ ಹೆಸರಿಗೆ ಬೇರೆ ರೆಕಾರ್ಡು ಇರಬಾರದು ಅನ್ನುವುದು 1034ರ ನಿಯಮ. ಒಂದೇ ಹೆಸರಿನ, ಒಂದೇ ಬಗೆಯ ರೆಕಾರ್ಡುಗಳಿಗೆಲ್ಲ ಟಿಟಿಎಲ್ ಒಂದೇ ಇರಬೇಕು ಅನ್ನುವುದು 2181ರ ನಿಯಮ. ಕೋಷ್ಟಕಕ್ಕೆ ಇವ್ಯಾವುವೂ ಗೊತ್ತಿಲ್ಲ. ಬೈಂಡ್ ಮಾತ್ರ ಸಿನೇಮ್ ಜೊತೆ ಬೇರೆ ರೆಕಾರ್ಡು ಕಂಡರೆ ಝೋನನ್ನೇ ಒಪ್ಪುವುದಿಲ್ಲ. ಡೇಟಾಬೇಸ್ ಸಾಲುಗಳನ್ನು ಕಾಯುತ್ತದೆ, ಝೋನನ್ನು ಕಾಯುವುದಿಲ್ಲ. ಎಪಿಐ ಬಳಸಿದರೆ ಪವರ್‌ಡಿಎನ್‌ಎಸ್ ಕೆಲವನ್ನು ಪರೀಕ್ಷಿಸುತ್ತದೆ, ನೇರವಾಗಿ ಎಸ್‌ಕ್ಯೂಎಲ್ ಬರೆದರೆ ಯಾರೂ ಕೇಳುವವರಿಲ್ಲ. ಆದ್ದರಿಂದ ನೇರ ಎಸ್‌ಕ್ಯೂಎಲ್ ಹಕ್ಕನ್ನು ಯಾರಿಗೂ ಕೊಡಬೇಡ.

— ಕೋಷ್ಟಕ, ಅಂದರೆ ಬರೆಯುವ ಜಾಗ. ಸರಿ. ಉತ್ತರ ಕೊಡುವ ಜಾಗ?

— ಹೊರಗಿನವರ ಕಣ್ಣಿಗೆ ಬೀಳದ ಒಂದು ಪ್ರೈಮರಿ ಇಡು. ಅದರ ಹಿಂದೆ ನಿನ್ನ ಡೇಟಾಬೇಸ್ ಇರಲಿ. ಲೋಕಕ್ಕೆ ಕಾಣುವ ನೇಮ್‌ಸರ್ವರುಗಳು ಅದರಿಂದ ಝೋನನ್ನು ಎಳೆದುಕೊಂಡು ಮೆಮೊರಿಯಿಂದ ಉತ್ತರ ಕೊಡಲಿ. ಒಂದರಲ್ಲಿ ಬೈಂಡ್ ಹಾಕು, ಇನ್ನೊಂದರಲ್ಲಿ ನೆದರ್ಲೆಂಡ್ಸ್‌ನ ಎನ್‌ಎಲ್‌ನೆಟ್ ಲ್ಯಾಬ್ಸ್‌ನವರ ಎನ್‌ಎಸ್‌ಡಿ ಅಥವಾ ಝೆಕ್‌ನವರ ನಾಟ್ ಹಾಕು. ಒಂದರ ದೋಷ ಇನ್ನೊಂದನ್ನು ಕೆಡವದಿರಲಿ. ಇದು ನಾನು ಕಂಡುಹಿಡಿದದ್ದೇನಲ್ಲ, ಡಿಎನ್‌ಎಸ್‌ನ ನೆತ್ತಿಯಲ್ಲೇ ಹೀಗೆ ನಡೆಯುತ್ತಿದೆ. ರೂಟ್ ಝೋನ್ ನೋಡು. ಯಾವ ದೇಶದ ಹೆಸರಿಗೆ ಯಾವ ಸರ್ವರ್ ಅನ್ನುವ ದಾಖಲೆ ಐಯಾನಾದ ಡೇಟಾಬೇಸ್‌ನಲ್ಲಿರುತ್ತದೆ. ವೆರಿಸೈನ್ ಅದರಿಂದ ಝೋನ್ ತಯಾರಿಸಿ ಸಹಿ ಹಾಕಿ ಹಂಚುತ್ತದೆ. ಅದೇ ಝೋನ್ ಟೆಕ್ಸ್ಟ್ ಫೈಲಾಗಿಯೂ ಪ್ರಕಟವಾಗುತ್ತದೆ. ನೀನು, ನಾನು, ಯಾರು ಬೇಕಾದರೂ ಇಳಿಸಿಕೊಂಡು ಎಡಿಟರ್‌ನಲ್ಲಿ ತೆರೆದು ಓದಬಹುದು. ಇಡೀ ಇಂಟರ್ನೆಟ್ಟಿನ ತುದಿ ಕೆಲವು ಮೆಗಾಬೈಟಿನ ಪಠ್ಯ! 2023ರಿಂದ ಅದರೊಳಗೆ ಝೋನ್‌ಎಂಡಿ ಅನ್ನುವ ರೆಕಾರ್ಡೂ ಇದೆ. ಇಡೀ ಝೋನಿನ ಡೈಜೆಸ್ಟ್ ಅದು. ನಿನ್ನ ಕೈಗೆ ಬಂದ ಪ್ರತಿ ಪೂರ್ತಿಯಾಗಿದೆಯೇ, ದಾರಿಯಲ್ಲಿ ಕೆಟ್ಟಿದೆಯೇ ಅಂತ ನೀನೇ ಲೆಕ್ಕ ಹಾಕಿ ನೋಡಬಹುದು. ಈ ಗುಣಕ್ಕಾಗಿ ನಾನು ಪಠ್ಯವನ್ನು ಬಿಡುವುದಿಲ್ಲ. ಸರ್ವರ್ ಕೊಡುವ ಉತ್ತರವನ್ನೇ ಒಂದು ಪೂರ್ತಿ, ಓದಬಲ್ಲ, ಹೋಲಿಸಬಲ್ಲ ರೂಪದಲ್ಲಿ ಕೈಯಲ್ಲಿ ಹಿಡಿಯಬಹುದು.

— ಗಿಟ್‌ಹಬ್‌ನವರು 2017ರಲ್ಲಿ ಆಕ್ಟೋಡಿಎನ್‌ಎಸ್ ಬಿಡುಗಡೆ ಮಾಡಿದರು, ಅದೇ ವರ್ಷ ಸ್ಟ್ಯಾಕ್ ಓವರ್‌ಫ್ಲೋದವರು ಡಿಎನ್‌ಎಸ್‌ಕಂಟ್ರೋಲ್ ಬಿಡುಗಡೆ ಮಾಡಿದರು. ಎರಡರದೂ ರೆಕಾರ್ಡುಗಳನ್ನು ಪಠ್ಯದಲ್ಲಿ ಬರೆದು ಗಿಟ್‌ನಲ್ಲಿ ಇಡುವ ಕ್ರಮ. ಆಗ ನನಗೆ ಇದು ಹಿಂದಕ್ಕೆ ಹೋಗುವುದು ಅನ್ನಿಸಿತ್ತು. ಕ್ಲೌಡ್ ಕಂಪನಿಗಳ ಬಳಿ ಅಷ್ಟು ಚೆಂದದ ಎಪಿಐ ಇರುವಾಗ ಮತ್ತೆ ಫೈಲು ಯಾಕೆ ಅಂತ.

— ಬದಲಾವಣೆ ಜಾರಿಯಾಗುವ ಮೊದಲು ಇನ್ನೊಬ್ಬರು ಅದನ್ನು ಓದಬೇಕು ಅಂತ. ಯಾವ ಸಾಲು ಹೋಯಿತು, ಯಾವುದು ಬಂತು, ಯಾರು, ಯಾಕೆ, ಇದೆಲ್ಲ ಗಿಟ್‌ನಲ್ಲಿ ತಾನಾಗಿಯೇ ಸಿಗುತ್ತದೆ. ಆರು ವರ್ಷ ಹಿಂದೆ ಯಾರೋ ಹಾಕಿದ ವಿಚಿತ್ರ ಎಂಎಕ್ಸ್ ರೆಕಾರ್ಡಿನ ಪಕ್ಕ ‘ಇದನ್ನು ತೆಗೆಯಬೇಡಿ, ಹಳೆಯ ಫ್ಯಾಕ್ಸ್ ಗೇಟ್‌ವೇ ಇದನ್ನೇ ನಂಬಿದೆ’ ಅಂತ ಒಂದು ಟಿಪ್ಪಣಿ ಇದ್ದರೆ ಅದು ಕಂಪನಿಯ ನೆನಪು. ಕೋಷ್ಟಕಕ್ಕೆ ಸಾಗಿಸುವಾಗ ಮೊದಲು ಕಳೆದುಹೋಗುವುದು ಅದೇ, ಯಾಕೆಂದರೆ ಆಮದು ಮಾಡುವ ಸ್ಕ್ರಿಪ್ಟ್ ಸೆಮಿಕೋಲನ್ ನಂತರದ್ದನ್ನು ಕಸವೆಂದು ಎಸೆಯುತ್ತದೆ. ಸಾಗಿಸುವ ಮೊದಲು ಆ ಟಿಪ್ಪಣಿಗಳನ್ನೆಲ್ಲ ಹೆಕ್ಕಿ ಒಂದೆಡೆ ಉಳಿಸಿಕೋ. ಪವರ್‌ಡಿಎನ್‌ಎಸ್‌ನಲ್ಲಿ ಕಾಮೆಂಟ್ಸ್ ಅಂತ ಬೇರೆ ಕೋಷ್ಟಕವೇ ಇದೆ, ಬಳಸುವವರು ಕಡಿಮೆ.

— ನೀವು ಹೇಳಿದ ಪ್ರೈಮರಿಗೂ ಸೆಕೆಂಡರಿಗೂ ನಡುವೆ ತಡೆ ಹೇಗೆ ಹಾಕಲಿ? ಸೀರಿಯಲ್ ಏರಿದ ತಕ್ಷಣ ನೋಟಿಫೈ ಹೋಗುತ್ತದೆ, ಅವು ಎಳೆದುಕೊಳ್ಳುತ್ತವೆ.

— ನಡುವೆ ಒಂದು ಯಂತ್ರ ಇಡು. ಅದು ಪ್ರೈಮರಿಯಿಂದ ಝೋನನ್ನು ಎಳೆದು, ಪಠ್ಯವಾಗಿ ಬರೆದು, ನೇಮ್‌ಡ್ ಚೆಕ್‌ಝೋನ್ ಓಡಿಸಿ, ಹಿಂದಿನ ಪ್ರತಿಯೊಂದಿಗೆ ಹೋಲಿಸಲಿ. ಎನ್‌ಎಸ್ ರೆಕಾರ್ಡು ಬದಲಾಗಿದ್ದರೆ ನಿಲ್ಲಲಿ. ರೆಕಾರ್ಡುಗಳ ಸಂಖ್ಯೆ ಒಮ್ಮೆಲೇ ಹತ್ತರಲ್ಲೊಂದು ಭಾಗ ಕುಗ್ಗಿದ್ದರೆ ನಿಲ್ಲಲಿ. ಕೊನೆಯಲ್ಲಿ ತನ್ನದೇ ಹೆಸರು ಎರಡು ಸಲ ಬಂದ ಸಾಲಿದ್ದರೆ ನಿಲ್ಲಲಿ, ಸ್ವೀಡನ್ನಿನ ಚುಕ್ಕಿ ಅಲ್ಲೇ ಸಿಕ್ಕಿಬೀಳುತ್ತಿತ್ತು. ಸರ್ಟಿಫಿಕೇಟಿನ ಟಿಎಕ್ಸ್‌ಟಿ ರೆಕಾರ್ಡುಗಳಿಗೆ ಮಾತ್ರ ಈ ಕಾಯುವಿಕೆ ಸಲ್ಲದು. ಅವನ್ನು ಒಂದು ಪ್ರತ್ಯೇಕ ಪುಟ್ಟ ಝೋನಿಗೆ ಸಿನೇಮ್ ಮೂಲಕ ತಿರುಗಿಸು. ಯಂತ್ರಗಳು ಅಲ್ಲಿ ಎಷ್ಟು ಬೇಕಾದರೂ ಬರೆದುಕೊಳ್ಳಲಿ, ಮುಖ್ಯ ಝೋನಿನ ಹತ್ತಿರ ಸುಳಿಯದಿರಲಿ.

— ನಿಲ್ಲಿಸಿದ್ದನ್ನು ಬಿಡುವವರು ಯಾರು? ರಾತ್ರಿ ಪಾಳಿಯಲ್ಲಿ ಒಬ್ಬನೇ ಇರುತ್ತಾನೆ.

— ಒಬ್ಬನಿಂದ ಬಿಡಲಾಗದಂತೆ ಮಾಡು. ಇಬ್ಬರ ಒಪ್ಪಿಗೆ ಬೇಕು, ಇನ್ನೊಬ್ಬರನ್ನು ಫೋನ್ ಮಾಡಿ ಎಬ್ಬಿಸಲಿ. ಅಷ್ಟು ಹೊತ್ತು ಹಳೆಯ ಪ್ರತಿ ಉತ್ತರ ಕೊಡುತ್ತಿರುತ್ತದೆ. ಯಾರೋ ಒಬ್ಬ ಗಿರಾಕಿಯ ಹೊಸ ವಿಳಾಸ ಬೆಳಗಿನವರೆಗೆ ತಡವಾಗಬಹುದು, ಆ ಬೆಲೆ ಕೊಡಲು ನಾನು ಸಿದ್ಧ.

— ಇನ್ನೊಂದು. ನಮ್ಮಲ್ಲಿ ಡಾಟ್ ಭಾರತ ಹೆಸರುಗಳಿವೆ, ಕನ್ನಡ ಲಿಪಿಯಲ್ಲೇ ತೆಗೆದುಕೊಂಡವು. ಝೋನಿನೊಳಗೆ ಅವು ಕನ್ನಡದಲ್ಲಿ ಇರುವುದಿಲ್ಲ. ಪ್ಯೂನಿಕೋಡ್ ಆಗಿ, ಎಕ್ಸ್ಎನ್ ಎಂದು ಶುರುವಾಗುವ ಲ್ಯಾಟಿನ್ ಅಕ್ಷರ ಮತ್ತು ಅಂಕಿಗಳ ಸರವಾಗಿ ಕೂತಿರುತ್ತವೆ. ನೀವು ಓದಬಲ್ಲ ಪಠ್ಯ ಅಂದಿರಿ. ಅದನ್ನು ಓದಿ ಎರಡು ಹೆಸರುಗಳ ನಡುವಿನ ವ್ಯತ್ಯಾಸ ಹೇಳಬಲ್ಲವರು ನಮ್ಮಲ್ಲಿ ಯಾರೂ ಇಲ್ಲ. ಒತ್ತಕ್ಷರ ಒಂದು ಬದಲಾದರೂ ಆ ಸರ ಬೇರೆಯೇ ಆಗಿಬಿಡುತ್ತದೆ.

— ಇದು ನನ್ನ ವಾದದಲ್ಲಿ ಇದ್ದ ತೂತು, ಚೆನ್ನಾಗಿ ಹಿಡಿದೆ. ಅಂಥ ಹೆಸರುಗಳಲ್ಲಿ ಪಠ್ಯದ ಪ್ರತಿ ಮನುಷ್ಯರ ಕಣ್ಣಿಗೆ ಉಪಯೋಗಕ್ಕೆ ಬಾರದು, ಡೇಟಾಬೇಸೇ ಮೇಲು. ಗಿರಾಕಿ ಟೈಪ್ ಮಾಡಿದ ಕನ್ನಡ ರೂಪವನ್ನು ಒಂದು ಕಾಲಮ್‌ನಲ್ಲಿ, ಪ್ಯೂನಿಕೋಡನ್ನು ಇನ್ನೊಂದರಲ್ಲಿ ಇಡು. ನಡುವಿನ ಯಂತ್ರ ಪಠ್ಯ ಬರೆಯುವಾಗ ಪ್ರತಿ ಸಾಲಿನ ಕೊನೆಗೆ ಸೆಮಿಕೋಲನ್ ಹಾಕಿ ಕನ್ನಡ ಹೆಸರನ್ನೂ ಬರೆಯಲಿ. ಸೆಮಿಕೋಲನ್ ನಂತರದ್ದನ್ನು ಸರ್ವರ್ ಓದುವುದಿಲ್ಲ, ಪರಿಶೀಲಿಸುವವರು ಓದುತ್ತಾರೆ. ಆದರೆ ಆ ಕನ್ನಡವನ್ನು ಕಾಲಮ್‌ನಿಂದ ನಕಲು ಮಾಡಬೇಡ. ಪ್ಯೂನಿಕೋಡ್‌ನಿಂದಲೇ ಪ್ರತಿ ಸಲ ಹೊಸದಾಗಿ ಬಿಡಿಸು, ಗಿರಾಕಿ ಟೈಪ್ ಮಾಡಿದ್ದರ ಜೊತೆ ಹೋಲಿಸು. ಎರಡೂ ಹೊಂದದಿದ್ದರೆ ಆ ಝೋನ್ ಹೊರಗೆ ಹೋಗಬಾರದು.